ಎಕ್ಕದ ಮೋಹ

ವಿಡಿಯೊ ಪೋಕರ್ ಎಂಬ ಇಸ್ಪೀಟಿನ ಜೂಜು ಯಂತ್ರದಲ್ಲಿ ಎದುರಾಳಿ ಇಲ್ಲ. ಯಾರ ಮುಖವನ್ನೂ ಓದಬೇಕಿಲ್ಲ, ಇಲ್ಲದ ಧೈರ್ಯ ನಟಿಸಬೇಕಿಲ್ಲ. ಗುಂಡಿ ಒತ್ತಿದರೆ ಪರದೆಯ ಮೇಲೆ ಐದು ಎಲೆ ಬೀಳುತ್ತವೆ. ಬೇಕಾದ್ದನ್ನು ಹಿಡಿದಿಟ್ಟು ಮಿಕ್ಕಿದ್ದನ್ನು ಬಿಟ್ಟರೆ, ಆ ಜಾಗಕ್ಕೆ ಹೊಸವು ಬರುತ್ತವೆ. ಆಟ ಮುಗಿಯಿತು. ಐದನ್ನೂ ಇಟ್ಟುಕೊಳ್ಳುವುದರಿಂದ ಐದನ್ನೂ ಎಸೆಯುವವರೆಗೆ ಒಟ್ಟು 32 ದಾರಿಗಳಿವೆ. ಮನೆಯ ರಮ್ಮಿಯಲ್ಲಾದರೆ ಸೋತಾಗ ಪಕ್ಕದಲ್ಲಿ ಕೂತವರನ್ನು ಬೈಯಬಹುದು. ಇಲ್ಲಿ ಆ ಸೌಕರ್ಯವೂ ಇಲ್ಲ.

1970ರ ದಶಕದ ಕೊನೆಗೆ ಸೈ ರೆಡ್ ಎಂಬಾತನ ಕಂಪನಿ ಅಮೆರಿಕದ ನೆವಾಡಾ ರಾಜ್ಯದ ಕ್ಯಾಸಿನೊಗಳಲ್ಲಿ ಈ ಯಂತ್ರವನ್ನು ಬೇರೂರಿಸಿತು. ಅದರ ಮೂಲ ರೂಪ 'ಜ್ಯಾಕ್ಸ್ ಆರ್ ಬೆಟರ್': ಗುಲಾಮನ ಜೋಡಿ ಅಥವಾ ಅದಕ್ಕೂ ದೊಡ್ಡ ಜೋಡಿ ಬಂದರೆ ಹಾಕಿದ ಹಣ ವಾಪಸ್.

ಕೈಗೆ ನಾಲ್ಕರ ಎಲೆ ಎರಡು, ಜೊತೆಗೊಂದು ಎಕ್ಕ ಬಂತು ಅನ್ನಿ. ನಾಲ್ಕರ ಜೋಡಿಗೆ ಕಾಸೂ ಇಲ್ಲ, ಮರ್ಯಾದೆಯೂ ಇಲ್ಲ. ಎಕ್ಕವೋ ಎಕ್ಕ! ಅದನ್ನೂ ಜೊತೆಗಿಟ್ಟುಕೊಳ್ಳೋಣ ಅನ್ನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಜೋಡಿಯನ್ನಷ್ಟೇ ಹಿಡಿದು ಮೂರು ಎಲೆ ತರಿಸಿದರೆ ಇನ್ನೊಂದು ನಾಲ್ಕಾದರೂ ಸಿಗುವುದು ಸುಮಾರು ಎಂಟರಲ್ಲಿ ಒಂದು ಸಲ. ಎಕ್ಕಕ್ಕೂ ಕುರ್ಚಿ ಹಾಕಿದರೆ ಹನ್ನೆರಡರಲ್ಲಿ ಒಂದು ಸಲ. ದೊಡ್ಡ ಮನುಷ್ಯರನ್ನು ಸುಮ್ಮನೆ ವೇದಿಕೆ ಮೇಲೆ ಕೂರಿಸುವ ನಮ್ಮ ಸಭೆಗಳ ಅಭ್ಯಾಸವೇ ಇದು.

ಇದಕ್ಕಿಂತ ಕರುಳು ಹಿಂಡುವ ಕೈ ಇನ್ನೊಂದಿದೆ. ಆಟೀನಿನ ಎಕ್ಕ, ರಾಜ, ರಾಣಿ, ಗುಲಾಮ, ಜೊತೆಗೆ ಆಟೀನಿನದೇ ಐದು. ಐದೂ ಒಂದೇ ಜಾತಿ, ಅಂದರೆ ಫ್ಲಶ್ ಆಗಲೇ ಕೂತಿದೆ. ಐದು ನಾಣ್ಯ ಹಾಕಿದ್ದರೆ 30 ನಾಣ್ಯ ಖಾತ್ರಿ. ಆದರೆ ಆ ಐದರ ಎಲೆಯೊಂದನ್ನೇ ಎಸೆದು ಆಟೀನಿನ ಹತ್ತು ಬಂದರೆ ರಾಯಲ್ ಫ್ಲಶ್, 4000 ನಾಣ್ಯ. ಉಳಿದ 47 ಎಲೆಗಳಲ್ಲಿ ಆ ಹತ್ತು ಒಂದೇ ಒಂದು. 24 ಎಲೆಗಳಿಂದ ನಯಾಪೈಸೆ ಹುಟ್ಟುವುದಿಲ್ಲ. ಆದರೂ ಎಸೆಯಬೇಕು! ಎಲ್ಲ 47ನ್ನೂ ಕೂಡಿ ಭಾಗಿಸಿದರೆ ಸರಾಸರಿ 92 ನಾಣ್ಯ, ಕೈಯಲ್ಲಿರುವುದರ ಮೂರು ಪಟ್ಟು. ಕಾಗದದ ಮೇಲೆ ಇದನ್ನು ಒಪ್ಪುವುದು ಸುಲಭ. ಅರ್ಧಕ್ಕಿಂತ ಹೆಚ್ಚು ಸಲ ಬರಿಗೈ ಎಂದು ತಿಳಿದೂ ತಿಳಿದೂ ಸಿಕ್ಕಿದ್ದನ್ನು ಕೈಬಿಡುವ ಬೆರಳು ಯಾವ ಮಣ್ಣಿನದೋ! ನಮ್ಮ ಮನೆಗಳಲ್ಲಿ ಹಳೆಯ ಪ್ಲಾಸ್ಟಿಕ್ ಡಬ್ಬಿ ಎಸೆಯುವುದಕ್ಕೇ ಪಂಚಾಯ್ತಿ ಸೇರಬೇಕು.

ಇಷ್ಟೆಲ್ಲ ಚಿಂತೆ ಮಾಡುವವರು ಯಾವ ಕೈಗೆ ಎಷ್ಟು ಎಂದು ಪರದೆಯ ಮೇಲೇ ಬರೆದಿರುವ ಪಟ್ಟಿಯನ್ನು ಓದದೆ ಕೂರುವುದುಂಟು. ಹಾಕಿದ ಒಂದು ನಾಣ್ಯಕ್ಕೆ ಫುಲ್ ಹೌಸ್‌ಗೆ (ಒಂದೇ ಅಂಕಿಯ ಮೂರು ಎಲೆ, ಇನ್ನೊಂದರ ಜೋಡಿ) 9, ಫ್ಲಶ್‌ಗೆ 6 ಕೊಡುವ ಯಂತ್ರ, ತಪ್ಪಿಲ್ಲದೆ ಆಡಿದರೆ, ನೂರಕ್ಕೆ 99.54 ಹಿಂದಿರುಗಿಸುತ್ತದೆ. 8 ಮತ್ತು 5 ಕೊಡುವುದು 97.30 ಮಾತ್ರ. ಕಾಲು ಡಾಲರಿನ ಐದು ನಾಣ್ಯದಂತೆ ಗಂಟೆಗೆ 600 ಕೈ ಆಡಿದರೆ ಯಂತ್ರದ ಬಾಯಿಗೆ ಹೋಗುವುದು 750 ಡಾಲರ್. ಮೊದಲಿನದರಲ್ಲಿ ಸರಾಸರಿ ನಷ್ಟ ಮೂರೂವರೆ ಡಾಲರ್, ಎರಡನೆಯದರಲ್ಲಿ ಇಪ್ಪತ್ತು. ಎಲೆಗಳೂ ಅವೇ, ಗುಂಡಿಗಳೂ ಅವೇ. ಮೂರೂವರೆ ಡಾಲರಿಗೆ ಲಾಸ್ ವೇಗಸ್‌ನಲ್ಲಿ ಒಂದು ಗಂಟೆ ಎಸಿಯಲ್ಲಿ ಕೂರಲು ಬೇರೆ ಜಾಗ ಸಿಗುವುದೂ ಕಷ್ಟ, ಬಿಡಿ.