252 ಬೈಟಿನೊಳಗೆ ಒಂದು ಇಟ್ಟಿಗೆ ಆಟ

ಮೂರು ತಿಂಗಳಿಂದ ರಾತ್ರಿ ಊಟ ಆದ ಮೇಲೆ ಕೂತು ಬಿಬಿಸಿ ಮೈಕ್ರೋ ಅನ್ನುವ ಹಳೇ ಕಂಪ್ಯೂಟರಿಗೆ ಟೆಟ್ರಿಸ್ ತರಹದ, ಮೇಲಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಆಟ ಬರೆಯುತ್ತಿದ್ದೆ. ಮೊನ್ನೆ ಮುಗಿಯಿತು. "ಫೋನಿನಲ್ಲೇ ಸಿಗುತ್ತಲ್ಲ, ಯಾಕೆ ಇಷ್ಟು ಒದ್ದಾಟ?" ಅಂತ ಮನೆಯಲ್ಲಿ ಕೇಳಿದರು.

ಈ ಯಂತ್ರವನ್ನು ಬ್ರಿಟನ್ನಿನ ಏಕಾರ್ನ್ ಕಂಪನಿ 1981ರಲ್ಲಿ ತಂದಿತು. 1984ರಲ್ಲಿ ಶುರುವಾದ, ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸುವ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಬಂತು. ನಾನು ಮೊದಲು ಮುಟ್ಟಿದ ಕಂಪ್ಯೂಟರ್ ಇದೇ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಂದು ಕೀಬೋರ್ಡಿಗೆ ಐದು ಮಕ್ಕಳು. ನನ್ನ ಸರದಿ ಬರುವ ಹೊತ್ತಿಗೆ ಬೆಲ್ ಹೊಡೆಯುತ್ತಿತ್ತು. ಆ ಆಸೆ ಹಾಗೇ ಉಳಿದಿತ್ತು. ಈಗ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್, ಅಂದರೆ ಆ ಹಳೇ ಯಂತ್ರದಂತೆಯೇ ನಡೆದುಕೊಳ್ಳುವ ಸಾಫ್ಟ್‌ವೇರ್ ಹಾಕಿಕೊಂಡು ತೀರಿಸಿಕೊಂಡೆ.

ಇದರ ಒಟ್ಟು ಮೆಮೊರಿ 32 ಕೆಬಿ. ಬೆಳಗ್ಗೆ ವಾಟ್ಸಾಪಿಗೆ ಬರುವ ಶುಭೋದಯದ ಫೋಟೋ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದಿರುತ್ತೆ! ಪರದೆಯ ಪ್ರತಿ ಚುಕ್ಕೆಗೂ ಎಂಟು ಬಣ್ಣದ ಆಯ್ಕೆ ಬೇಕು ಅಂದರೆ ಪರದೆಯೇ 20 ಕೆಬಿ ನುಂಗುತ್ತದೆ. ಉಳಿದದ್ದರಲ್ಲಿ ಸಂಸಾರ ಮಾಡಬೇಕು.

ಆಟದ ಅಂಗಳ 10 ಮನೆ ಅಗಲ, 20 ಮನೆ ಎತ್ತರ. ಒಂದು ಮನೆಗೆ ಒಂದು ಬೈಟಿನಂತೆ 200 ಬೈಟುಗಳನ್ನು ಮೆಮೊರಿಯಲ್ಲಿ ಒಂದರ ಹಿಂದೊಂದು ಸಾಲಾಗಿ ಇಟ್ಟಿದ್ದೆ. ಆಗ ಒಂದು ವಿಚಿತ್ರ ಶುರುವಾಯಿತು. ಉದ್ದನೆಯ ಇಟ್ಟಿಗೆಯನ್ನು ಬಲಗೋಡೆ ಹತ್ತಿರ ತಿರುಗಿಸಿದರೆ ಅದರ ತುದಿ ಎಡಗಡೆ, ಒಂದು ಸಾಲು ಕೆಳಗೆ ಕಾಣಿಸುತ್ತಿತ್ತು. ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು: ಮೆಮೊರಿಯಲ್ಲಿ ಒಂದು ಸಾಲಿನ ಕೊನೆಯ ಮನೆ ಆದ ಕೂಡಲೇ ಮುಂದಿನ ಸಾಲಿನ ಮೊದಲ ಮನೆ ಬರುತ್ತೆ. ಅಲ್ಲಿ ಗೋಡೆ ಅನ್ನೋದೇ ಇಲ್ಲ.

ಹಾಗಾಗಿ ಗೋಡೆಯನ್ನೂ ಮೆಮೊರಿಯೊಳಗೇ ಕಟ್ಟಿದೆ. ಎರಡು ಪಕ್ಕಕ್ಕೂ ಒಂದೊಂದು ಮನೆ, ಕೆಳಗೆ ನೆಲಕ್ಕೆ ಒಂದು ಸಾಲು. 12 ಗುಣಿಸು 21, ಒಟ್ಟು 252. ಈ ಕಂಪ್ಯೂಟರಿನ 6502 ಪ್ರೊಸೆಸರಿನಲ್ಲಿ ಎಷ್ಟನೇ ಮನೆ ಅಂತ ಲೆಕ್ಕ ಇಡೋಕೆ ಬಳಸುವ ಎಕ್ಸ್ ರಿಜಿಸ್ಟರ್ 0ಯಿಂದ 255ರವರೆಗೆ ಮಾತ್ರ ಎಣಿಸುತ್ತದೆ. ಇಡೀ ಅಂಗಳ ಅದರೊಳಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಮಧ್ಯರಾತ್ರಿ ಒಬ್ಬನೇ ಎದ್ದು ನಿಂತುಬಿಟ್ಟೆ.

ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಷ್ಟು ಹತ್ತಿರದಿಂದ ಒಂದು ಯಂತ್ರವನ್ನು ಯಾವತ್ತೂ ನೋಡಿರಲಿಲ್ಲ. ಮನೆಯವರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಹಳೇ ಯಂತ್ರಕ್ಕೆ ಆಟ ಬರೆಯುವವರನ್ನು ಕೆಲಸವಿಲ್ಲದವರು ಅನ್ನಬೇಡಿ. ಪ್ರತಿ ಬೈಟೂ ಎಲ್ಲಿದೆ, ಯಾಕಿದೆ ಅಂತ ಅವರಿಗೆ ಗೊತ್ತಿರುತ್ತೆ.

ಟೆಟ್ರಿಸ್ ಹುಟ್ಟಿದ್ದೂ ಇಂಥ ಇಕ್ಕಟ್ಟಿನಲ್ಲೇ ಅಲ್ವಾ? 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೊವ್ ಬರೆದಾಗ ಅವರ ಎಲೆಕ್ಟ್ರೋನಿಕಾ 60 ಕಂಪ್ಯೂಟರಿಗೆ ಚಿತ್ರ ಬಿಡಿಸೋಕೇ ಬರುತ್ತಿರಲಿಲ್ಲ. ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿದರು.

ಟೆಟ್ರಿಸ್ ಅನ್ನುವ ಹೆಸರಿಗೆ ಒಡೆಯರಿದ್ದಾರೆ, ಅದಕ್ಕೇ ನನ್ನದಕ್ಕೆ 'ಇಟ್ಟಿಗೆ' ಅಂತ ಹೆಸರಿಟ್ಟೆ. ಮಾರಾಟಕ್ಕಿಲ್ಲ. ಸಾಲು ಕರಗಿದಾಗ ಬರುವ ಸದ್ದು ಇನ್ನೂ ಸರಿಹೋಗಿಲ್ಲ, ಇವತ್ತು ರಾತ್ರಿ ಅದೇ ಕೆಲಸ. ಶಾಲೆಯಲ್ಲಿ ಈ ಯಂತ್ರ ಮುಟ್ಟಿದವರು ಯಾರಾದರೂ ಇಲ್ಲಿದ್ದರೆ ಹೇಳಿ, ಮೊದಲು ನಿಮಗೇ ಕಳಿಸುತ್ತೇನೆ.