ನೋಡೋಕೆ ಪುರುಸೊತ್ತೆಲ್ಲಿ ಸ್ವಾಮಿ?

ಆ ವಿಡಿಯೊ ಮತ್ತೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದು ಬಿದ್ದಿದೆ. 2025ರ ಜನವರಿಯಲ್ಲಿ ದೇಶವೆಲ್ಲ ನೋಡಿ, ನಕ್ಕು, ಉಗಿದು, ಮೀಮ್ ಮಾಡಿ ಮುಗಿಸಿದ್ದ ಅದೇ ಎಲ್ ಅಂಡ್ ಟಿ ಅಧ್ಯಕ್ಷರ ವಿಡಿಯೊ. ವಾರಕ್ಕೆ 90 ಗಂಟೆ ದುಡಿಯಬೇಕು, ಭಾನುವಾರವೂ ನಿಮ್ಮನ್ನು ದುಡಿಸೋಕೆ ಆಗ್ತಿಲ್ಲವಲ್ಲ ಅನ್ನೋದೇ ಕೊರಗು, ಮನೆಯಲ್ಲಿ ಕೂತು ಮಾಡುವುದಾದರೂ ಏನು, ಎಷ್ಟು ಹೊತ್ತೂಂತ ಹೆಂಡತಿಯನ್ನು ನೋಡುತ್ತ ಕೂರುತ್ತೀರಿ ಎಂದು ಎಸ್.ಎನ್. ಸುಬ್ರಹ್ಮಣ್ಯನ್ ಕೇಳಿದ್ದು ನಿಮಗೆ ನೆನಪಿದ್ದೇ ಇರುತ್ತದೆ. ಈ ಸಲ ಫಾರ್ವರ್ಡ್ ಮಾಡಿದವರು ನಮ್ಮ ಚಿಕ್ಕಪ್ಪ. ಕೆಳಗೆ ಕೈಮುಗಿದ ಎಮೋಜಿ, ‘ಇಂದಿನ ಯುವಕರು ಕೇಳಲೇಬೇಕಾದ ಮಾತು’ ಎಂಬ ಒಕ್ಕಣೆ. ಚಿಕ್ಕಪ್ಪ ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ಸೇವೆಯಲ್ಲಿದ್ದಷ್ಟು ವರ್ಷವೂ ಅವರ ಕುರ್ಚಿಯ ಬೆನ್ನಿಗೆ ಒಂದು ಸ್ವೆಟರ್ ನೇತಾಡುತ್ತಿತ್ತು. ಸ್ವೆಟರ್ ಇದೆ ಅಂದರೆ ಸಾಹೇಬರು ಇಲ್ಲೇ ಎಲ್ಲೋ ಇದ್ದಾರೆ ಎಂದರ್ಥ. ಲೆಕ್ಕ ಹಾಕಿದರೆ ಆ ಸ್ವೆಟರ್ ವಾರಕ್ಕೆ 90 ಗಂಟೆಗಿಂತ ಹೆಚ್ಚೇ ದುಡಿದಿದೆ.

ನಾನು ಸುಬ್ರಹ್ಮಣ್ಯನ್ ಅವರ ಪರ. ಉದ್ಯಮಿಗಳು ಅಲ್ಲಿಯತನಕ ಜಿಡಿಪಿ ಅನ್ನುತ್ತಿದ್ದರು, ರಾಷ್ಟ್ರ ನಿರ್ಮಾಣ ಅನ್ನುತ್ತಿದ್ದರು. 2023ರ ಅಕ್ಟೋಬರಿನಲ್ಲಿ ನಮ್ಮ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಎಂದಾಗಲೂ ಮಹಾಯುದ್ಧ ಮುಗಿದ ಮೇಲೆ ಜರ್ಮನಿ, ಜಪಾನಿನವರು ಹೇಗೆ ದುಡಿದರು ನೋಡಿ ಎಂದಿದ್ದರು. ಹೆಂಡತಿಯನ್ನು ಲೆಕ್ಕಕ್ಕೆ ತಂದ ಕೀರ್ತಿ ಮಾತ್ರ ಸುಬ್ರಹ್ಮಣ್ಯನ್ ಅವರಿಗೇ ಸಲ್ಲಬೇಕು. ಗಂಡ ಹೆಂಡತಿ ಎದುರುಬದುರು ಕೂತರೆ ತಾನೇ ಜಗಳ? ಕೂರಲು ಬಿಡದಿದ್ದರೆ ಸಂಸಾರ ಗಟ್ಟಿ. 70ರಿಂದ 90ಕ್ಕೆ ಬರಲು ನಮಗೆ ಹದಿನೈದು ತಿಂಗಳು ಸಾಕಾಯಿತು. ಇದೇ ವೇಗದಲ್ಲಿ ಏರಿದರೆ 2029ರ ಕೊನೆಗೆ 168 ಗಂಟೆ ಮುಟ್ಟುತ್ತೇವೆ. ವಾರದಲ್ಲಿರುವುದೇ ಅಷ್ಟು, ಆಮೇಲೆ ಹೆಂಡತಿಯ ಪ್ರಶ್ನೆಯೇ ಏಳುವುದಿಲ್ಲ. (ನನ್ನ ಹೆಂಡತಿಯನ್ನು ನೋಡುತ್ತ ಕೂರುವುದು ನನಗಿಷ್ಟ ಎಂದು ಆನಂದ್ ಮಹೀಂದ್ರಾ ಆಗ ಹೇಳಿದ್ದರು. ಹೇಳಬಹುದು. ಅವರ ಮನೆಗೆ ಗ್ಯಾಸ್ ಸಿಲಿಂಡರ್ ತರುವವನು ಅವರಿಗೆ ಫೋನ್ ಮಾಡಲಿಕ್ಕಿಲ್ಲ.)

ನನಗಿರುವುದು ಒಂದೇ ಅನುಮಾನ. ಗಂಡ ಹೆಂಡತಿ ಹೀಗೆ ಒಬ್ಬರನ್ನೊಬ್ಬರು ನೋಡುತ್ತ ಕೂರುವ ಮನೆ ಬೆಂಗಳೂರಿನಲ್ಲಿ ಎಲ್ಲಿದೆ?

ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ಜೋಡಿಯನ್ನೇ ತೆಗೆದುಕೊಳ್ಳಿ. ಹೊಸದಾಗಿ ಮದುವೆಯಾದವರು, ನೋಡುತ್ತ ಕೂರಲು ಹೇಳಿ ಮಾಡಿಸಿದ ವಯಸ್ಸು. ಹುಡುಗನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಹುಡುಗಿಗೆ ಮಲ್ಲೇಶ್ವರದಲ್ಲಿ ಆಡಿಟ್ ಆಫೀಸು. ಬೆಳಿಗ್ಗೆ ಬನಶಂಕರಿ ಮೆಟ್ರೋ ಸ್ಟೇಷನ್ನಿಗೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೊರಡುತ್ತಾರೆ. ಅವಳು ಓಡಿಸುತ್ತಾಳೆ, ಅವನು ಹಿಂದೆ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸ್ಟ್ಯಾಂಡ್ ಅಪ್ ಮೀಟಿಂಗ್ ಮಾಡುತ್ತಾನೆ. ಕೂತುಕೊಂಡೇ ಸ್ಟ್ಯಾಂಡ್ ಅಪ್. ಆ ಹೊತ್ತಿನಲ್ಲಿ ಅವನಿಗೆ ಕಾಣುವ ಹೆಂಡತಿ ಅಂದರೆ ಒಂದು ಹೆಲ್ಮೆಟ್ಟಿನ ಹಿಂಭಾಗ. ಮೆಟ್ರೋದಲ್ಲಿ ಮುಂದಿನ ಸ್ಟೇಷನ್ ಆರ್.ವಿ. ರಸ್ತೆ, ಅವನು ಅಲ್ಲೇ ಇಳಿದು ಹಳದಿ ಮಾರ್ಗ ಹಿಡಿಯಬೇಕು. 2025ರ ಆಗಸ್ಟಿನಲ್ಲಿ ಆ ಮಾರ್ಗ ಶುರುವಾದಾಗ 25 ನಿಮಿಷಕ್ಕೊಂದು ರೈಲು. ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೆಂಡತಿಯನ್ನು ನೋಡಲು ಧಾರಾಳ ಸಮಯವೇನೋ ಇತ್ತು, ಅಷ್ಟರಲ್ಲಿ ಹೆಂಡತಿ ಮೆಜೆಸ್ಟಿಕ್ ದಾಟಿರುತ್ತಿದ್ದಳು. ಅಂದಹಾಗೆ, 90 ಗಂಟೆಯ ಮಾತು ಬಂದ ಮರುತಿಂಗಳೇ ಮೆಟ್ರೋದ ಗರಿಷ್ಠ ದರವೂ 60ರಿಂದ 90 ರೂಪಾಯಿಗೆ ಏರಿತು. ದೊಡ್ಡವರಿಗೆ 90ರ ಮೇಲೆ ಅದೇನೋ ಮೋಹ.

ಮೊನ್ನೆ ಮಂಗಳವಾರ ಇವರ ಸಿಲಿಂಡರ್ ಬಂತು. ಬಂದಾಗ ಮನೆಯಲ್ಲಿ ಯಾರೂ ಇಲ್ಲ, ಬುಕ್ ಮಾಡಿದ್ದು ಹುಡುಗನ ನಂಬರಿನಿಂದ, ಕೋಡ್ ಹೇಳದೆ ಸಿಲಿಂಡರ್ ಇಳಿಸುವ ಹಾಗಿಲ್ಲ. ಡೆಲಿವರಿಯವನು ನಮ್ಮ ಗೇಟಿನಲ್ಲಿ ನಿಂತು ‘ಸಾರ್, ಇನ್ನೂ ಸುಮಾರು ಮನೆ ಇದೆ’ ಅನ್ನುತ್ತಿದ್ದಾನೆ. ನಾನು ಹುಡುಗಿಗೆ ಫೋನ್ ಮಾಡಿದೆ. ಅವಳು ಕ್ಲೈಂಟ್ ಆಫೀಸಿನಿಂದ ನನ್ನನ್ನು ಲೈನಿನಲ್ಲಿಟ್ಟುಕೊಂಡೇ ಗಂಡನನ್ನು ಸೇರಿಸಿಕೊಂಡಳು. ‘ಲೋ, ಸಿಲಿಂಡರ್ ಕೋಡ್ ಹೇಳೋ, ಅವನು ಹೊರಡ್ತಿದಾನೆ.’ ‘ಮೀಟಿಂಗಲ್ಲಿದೀನಿ ಕಣೇ, ಟೈಪ್ ಮಾಡ್ತೀನಿ ಇರು.’ ಮಾಡಿದ. ಮಾಡಿದ್ದು ಆಫೀಸ್ ಮೀಟಿಂಗಿನ ಚಾಟ್ ಬಾಕ್ಸಿಗೆ. ಟೀಮಿನವರಿಗೆಲ್ಲ ನಾಲ್ಕಂಕಿಯ ಸಂಖ್ಯೆಯೊಂದು ಕಾಣಿಸಿತು. ಅದೇನೆಂದು ಯಾರೂ ಕೇಳಲಿಲ್ಲ, ಹಿರಿಯ ಮ್ಯಾನೇಜರ್ ಒಬ್ಬರು ಹೆಬ್ಬೆಟ್ಟು ಒತ್ತಿದರು. ಇನ್ನೊಬ್ಬರು ‘ನೋಟೆಡ್’ ಅಂತ ಬರೆದರು. ಸಿಲಿಂಡರ್ ವಾಪಸ್ ಹೋಯಿತು, ಆ ರಾತ್ರಿ ಇಬ್ಬರೂ ನಮ್ಮನೆಯಲ್ಲಿ ಊಟ ಮಾಡಿದರು. ಊಟದ ಮಧ್ಯೆ ಹುಡುಗಿಗೆ ಸಾಹೇಬರ ಫೋನ್ ಬಂತು, ಎಡಗೈಯಲ್ಲಿ ಮೊಬೈಲ್ ಹಿಡಿದು ಬಾಲ್ಕನಿಗೆ ಹೋದವಳು ಬರುವಷ್ಟರಲ್ಲಿ ಅನ್ನ ತಣ್ಣಗಾಗಿತ್ತು.

ಬುಧವಾರ ನೀರಿನ ಮೋಟಾರ್ ಕೈಕೊಟ್ಟಿತು. ಗುರುವಾರ ಸ್ಕೂಟರ್ ಪಂಕ್ಚರ್. ಶುಕ್ರವಾರ ಅವನು ಹೆಂಡತಿಯನ್ನು ನಿಜವಾಗಿಯೂ ನೋಡಿದ, ವಿಡಿಯೊ ಕಾಲಿನಲ್ಲಿ, ವಾಷಿಂಗ್ ಮೆಷಿನ್ ಯಾವ ಎರರ್ ತೋರಿಸುತ್ತಿದೆ ಎಂದು ಅವಳು ಕ್ಯಾಮೆರಾ ತಿರುಗಿಸುವ ತನಕ.

ಭಾನುವಾರ ಮಾತ್ರ ಗಟ್ಟಿ ಮನಸ್ಸು ಮಾಡಿ ಬಾಡಿಗೆ ಕಾರು ಹಿಡಿದು ನಂದಿಬೆಟ್ಟಕ್ಕೆ ಹೊರಟರು. ಸೂರ್ಯೋದಯ ನೋಡಬೇಕಂತೆ. ಕತ್ತಲಲ್ಲೇ ಎದ್ದು ಹೋದವರಿಗೆ ಬೆಟ್ಟದ ಬುಡದಲ್ಲಿ ಸಿಕ್ಕಿದ್ದು ಇಡೀ ಬೆಂಗಳೂರು. ಎಲ್ಲರೂ ವಾರವೆಲ್ಲ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಹಾಕಿಕೊಂಡು ಸಾಕಾಗಿ, ಬದಲಾವಣೆ ಬೇಕೆಂದು ಇಲ್ಲಿ ಬಂದು ಸಿಕ್ಕಿಹಾಕಿಕೊಂಡವರು. ಸೂರ್ಯ ತನ್ನ ಪಾಡಿಗೆ ಹುಟ್ಟಿದ, ಇವರು ಮುಂದಿನ ಕಾರಿನ ಕೆಂಪು ದೀಪ ನೋಡಿಕೊಂಡು ಕೂತಿದ್ದರು. ಪಾರ್ಕಿಂಗ್ ತುಂಬಿದೆ ಎಂದು ವಾಪಸ್ ತಿರುಗಿಸಿದರೆ ದೇವನಹಳ್ಳಿ ಹತ್ತಿರ ಫೋನ್: ಬಿಲ್ಡ್ ಮುರಿದಿದೆ (ಅಂದರೆ ಹೊಸದಾಗಿ ಜೋಡಿಸಿದ ಸಾಫ್ಟ್‌ವೇರ್ ಕೆಟ್ಟು ಕೂತಿದೆ), ಸ್ವಲ್ಪ ನೋಡು. ರಸ್ತೆ ಬದಿಗೆ ಕಾರು ನಿಲ್ಲಿಸಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿದ. ಭಾನುವಾರ ಕೆಲಸ ಮಾಡಿಸೋಕೆ ಆಗ್ತಿಲ್ಲ ಎಂದು ಕೊರಗುವವರಿಗೆ ಈ ವಿಷಯ ಯಾರಾದರೂ ತಿಳಿಸಿ ಪುಣ್ಯ ಕಟ್ಟಿಕೊಳ್ಳಿ.

ಹೋಗಲಿ, 90 ಗಂಟೆಯನ್ನು ನಾವೇ ಒಪ್ಪಿಕೊಂಡು ಲೆಕ್ಕ ಹಾಕೋಣ. ವಾರದ 168ರಲ್ಲಿ 90 ಕಳೆದರೆ 78. ರಾತ್ರಿಗೆ ಏಳು ಗಂಟೆಯಂತೆ ನಿದ್ದೆಗೆ 49 ಕೊಡಿ, ಉಳಿದದ್ದು 29. ಹೋಗಿ ಬರಲು ದಿನಕ್ಕೆ ಎರಡು ಗಂಟೆ ಅಂದರೆ (ಭಾನುವಾರವೂ ಹೋಗಬೇಕಲ್ಲ) 14 ಹೋಯಿತು. ಕೈಯಲ್ಲಿ 15 ಗಂಟೆ, ದಿನಕ್ಕೆ 128 ನಿಮಿಷ. ಸ್ನಾನ, ಅಡುಗೆ, ಊಟ, ಪಾತ್ರೆ, ಬಟ್ಟೆ, ಕಸ, ಸಿಲಿಂಡರ್, ಅತ್ತೆಯ ಫೋನ್, ಎಲ್ಲ ಇದರಲ್ಲೇ. ಕೇಂದ್ರ ಸರ್ಕಾರದ್ದೇ 2024ರ ಸಮಯ ಬಳಕೆ ಸಮೀಕ್ಷೆ ನೋಡಿದರೆ, ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ 289 ನಿಮಿಷ ಸುರಿಯುತ್ತಾಳೆ. ಗಂಡಸು 88. ಮನೆಯಲ್ಲಿ ಕೂತು ಏನು ಮಾಡುತ್ತೀರಿ ಎಂದು ಕೇಳಬಲ್ಲವನು ಆ 289 ನಿಮಿಷವನ್ನು ಯಾವತ್ತೂ ಕಂಡಿಲ್ಲ. ತಟ್ಟೆ ತಾನಾಗಿ ಮೇಜಿಗೆ ಬರುತ್ತದೆ, ಅಂಗಿ ತಾನಾಗಿ ಇಸ್ತ್ರಿಯಾಗುತ್ತದೆ, ಹೆಂಡತಿ ಸುಮ್ಮನೆ ಎದುರಿಗೆ ಕೂತಿರುತ್ತಾಳೆ, ನೋಡಿಸಿಕೊಳ್ಳಲು.

ಇಂಥ ಭಾಷಣಗಳಲ್ಲಿ ನಮ್ಮ ನಾಡಿನವರು ತಪ್ಪದೆ ‘ಕಾಯಕವೇ ಕೈಲಾಸ’ ಎಂದು ಸೇರಿಸುತ್ತಾರೆ, ಅದನ್ನು ಕೇಳಿದಾಗಲೆಲ್ಲ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಗಂಡ ಹೆಂಡತಿಯ ದುಡಿಮೆಯ ಬಗ್ಗೆ ಅವಳಷ್ಟು ತಿಳಿದವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಟಾರ್ಗೆಟ್ ಮೀರಿದ ಸಾಧನೆ. ಹೆಂಡತಿ ಆರತಿ ಎತ್ತಲಿಲ್ಲ, ನಮಗೆ ಇಷ್ಟು ಬೇಡ, ತೆಗೆದುಕೊಂಡು ಹೋಗಿ ಅಲ್ಲೇ ಸುರಿದು ಬಾ ಎಂದಳು. ಹನ್ನೆರಡನೇ ಶತಮಾನದಲ್ಲಿ, ಕಲ್ಯಾಣದಲ್ಲಿ! ಮಾರಯ್ಯ ಮರುಮಾತಾಡದೆ ಸುರಿದು ಬಂದ. ಕಾರ್ಪೊರೇಟ್ ವೇದಿಕೆಗಳಲ್ಲಿ ಕಾಯಕ ಕೇಳಿಬರುತ್ತದೆ, ಲಕ್ಕಮ್ಮನ ಹೆಸರು ಕೇಳಿಬಂದದ್ದು ನಾನರಿಯೆ. ಆಕೆ ಇವತ್ತು ಎಚ್‌ಆರ್ ವಿಭಾಗಕ್ಕೆ ಅರ್ಜಿ ಹಾಕಿದರೆ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸುತ್ತಾರೆ.

ಇನ್ನು ಬ್ರಿಟಿಷರು. 1919ರ ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದ ಕಾರ್ಖಾನೆಗಳಿಗೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ನಿಗದಿ ಮಾಡಿತು. ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ವಿನಾಯಿತಿ: 60 ಗಂಟೆ. ಗುಲಾಮರು ತಾನೇ, ನಡೆಯುತ್ತದೆ. 1922ರ ಕಾಯ್ದೆಯಲ್ಲಿ 60, 1934ರಲ್ಲಿ 54, ಅಂಬೇಡ್ಕರ್ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ 1946ರಲ್ಲಿ 48. ನಮ್ಮನ್ನು ಹಿಂಡಲು ಹಡಗು ಹತ್ತಿ ಬಂದವರೂ 60ರ ಹತ್ತಿರ ಸ್ವಲ್ಪ ನಾಚಿಕೊಂಡರು. ನಾವು ಸ್ವತಂತ್ರರು, ನಮಗೆ ಆ ಸಂಕೋಚವಿಲ್ಲ.

ನಕ್ಕು ಸಾಕಾಯಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದು ಪಾರ್ಶ್ವವಾಯು, ಹೃದ್ರೋಗದಿಂದ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸತ್ತವರು 7,45,000 ಮಂದಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇದು 55ಕ್ಕೆ. 90ರ ಮಾತಾಡಿದವರ 2023-24ರ ಸಂಬಳ 51 ಕೋಟಿ ರೂಪಾಯಿ, ಅವರದೇ ಕಂಪನಿಯ ನೌಕರರ ಮಧ್ಯಮ ಸಂಬಳದ 534 ಪಟ್ಟು. ಅವರು ದುಡಿಯಲಿ, ನೂರಲ್ಲ ನೂರೈವತ್ತು ಗಂಟೆ ದುಡಿಯಲಿ, ಅದು ಅವರ ಕಂಪನಿ, ಅವರ ಹೆಸರು, ಅವರ ಷೇರು. ಮಹಡಿ ಮೇಲಿನ ಹುಡುಗ ಯಾಕೆ? ಅವನಿಗೆ ಸಿಗುವುದು ವರ್ಷಕ್ಕೊಮ್ಮೆ ಇನ್‌ಕ್ರಿಮೆಂಟು, ಅದನ್ನು ಮನೆ ಬಾಡಿಗೆ ತಿಂದು ಹಾಕುತ್ತದೆ. ಆ ಬಾಡಿಗೆ ತೆಗೆದುಕೊಳ್ಳುವವನು ನಾನೇ, ನನಗೆ ಗೊತ್ತು.

ನಮ್ಮ ರಾಜ್ಯ ಸರ್ಕಾರವೂ ಹಿಂದೆ ಬಿದ್ದಿಲ್ಲ. 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂತು. ನೌಕರರ ಸಂಘಟನೆ ಕಿಟು ಬೀದಿಗಿಳಿದ ಮೇಲೆ ತಣ್ಣಗಾಯಿತು. 2025ರ ಜೂನಿನಲ್ಲಿ ಓವರ್‌ಟೈಮ್ ಸೇರಿ 12 ಗಂಟೆ ಎಂದು ಇನ್ನೊಂದು. ಆಷಾಢದ ಸೀರೆ ಅಂಗಡಿಯ ಹಾಗೆ 14ರಿಂದ 12ಕ್ಕೆ ಇಳಿಸಿ ‘ತಗೊಳ್ಳಿ, ಲಾಭ ನಿಮಗೇ’ ಎನ್ನುವ ಧಾಟಿ.

ಭಾನುವಾರ ರಸ್ತೆ ಬದಿಯಲ್ಲಿ ಬಿಲ್ಡ್ ಸರಿ ಮಾಡಿದ್ದಕ್ಕೆ ಏನಾದರೂ ಕೊಟ್ಟರೇನಪ್ಪ ಎಂದು ಹುಡುಗನನ್ನು ಕೇಳಿದೆ.

‘ಕಾಂಪ್ ಆಫ್, ಅಂದ್ರೆ ಬದಲಿ ರಜೆ ಕೊಟ್ಟಿದಾರೆ ಅಂಕಲ್. ಒಂದು ದಿನ.’

‘ಒಳ್ಳೇದಾಯ್ತಲ್ಲ, ತಗೊಂಡು ಇಬ್ಬರೂ ಎಲ್ಲಾದ್ರೂ ಹೋಗಿಬನ್ನಿ.’

‘ಮ್ಯಾನೇಜರ್ ಅಪ್ರೂವ್ ಮಾಡ್ಬೇಕು ಅಂಕಲ್. ಅವ್ರು ಫ್ಯಾಮಿಲಿ ಜೊತೆ ರಜೆ ಹೋಗಿದಾರೆ. ವಾಪಸ್ ಬರೋಷ್ಟರಲ್ಲಿ ಇದು ಎಕ್ಸ್‌ಪೈರ್ ಆಗತ್ತೆ.’