ಎಂಬತ್ತರ ನಂತರವೂ ಬಿಪಿಗೆ ಬಿಗಿ ಲಗಾಮು ಬೇಕೇ?

ಪರ

"ಈ ವಯಸ್ಸಿನಲ್ಲಿ ಬಿಪಿ ಸ್ವಲ್ಪ ಹೆಚ್ಚೇ ಇರುತ್ತದೆ, ಬಿಡಿ" ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಸತ್ತಿಲ್ಲ. ವಯಸ್ಸಾದಂತೆ ರಕ್ತನಾಳ ಪೆಡಸಾಗಿ ಮೇಲಿನ ಅಂಕಿ ಏರುತ್ತದೆ, ನಿಜ. ಹಾಗೆಂದು ಅದು ಸುಮ್ಮನಿರುವುದಿಲ್ಲ. 2008ರಲ್ಲಿ ಪ್ರಕಟವಾದ ಹೈವೆಟ್ ಅಧ್ಯಯನದಲ್ಲಿ 80 ದಾಟಿದ 3,845 ಜನರಿದ್ದರು. ಒಂದು ಗುಂಪಿಗೆ ಬಿಪಿ ಇಳಿಸುವ ಇಂಡಪಮೈಡ್ ಮಾತ್ರೆ, ಬೇಕಾದರೆ ಜೊತೆಗೆ ಪೆರಿಂಡೊಪ್ರಿಲ್ ಎಂಬ ಇನ್ನೊಂದು ಬಿಪಿ ಮಾತ್ರೆ, ಗುರಿ 150/80. ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಿಗಿಂತ ಇವರಲ್ಲಿ ಸಾವು ಶೇ 21ರಷ್ಟು, ಹೃದಯ ವೈಫಲ್ಯ ಶೇ 64ರಷ್ಟು ಕಡಿಮೆಯಾಯಿತು. ಆಮೇಲೆ ಬಂದ ಸ್ಪ್ರಿಂಟ್ ಅಧ್ಯಯನ ಇನ್ನೂ ಮುಂದೆ ಹೋಯಿತು: 75 ದಾಟಿದವರಲ್ಲೂ ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗಿಳಿಸುವ ಗುರಿ ಇಟ್ಟುಕೊಂಡಾಗ ಹೃದಯಾಘಾತ, ಲಕ್ವದಂತಹ ಅನಾಹುತಗಳು ಒಟ್ಟಾರೆ ಸುಮಾರು ಮೂರನೇ ಒಂದರಷ್ಟು ತಗ್ಗಿದವು. ಲಕ್ವ ಹೊಡೆದು ಬಲಗೈ ಸೋತ ಹಿರಿಯರು ಅನ್ನದ ತುತ್ತಿಗೂ ಸೊಸೆಯ ಮುಖ ನೋಡುವುದನ್ನು ಕಂಡವರು ವಯಸ್ಸಿನ ನೆಪದಲ್ಲಿ ಮಾತ್ರೆ ತಪ್ಪಿಸಲಾರರು.

ವಿರೋಧ

ರಾತ್ರಿ ಎರಡು ಗಂಟೆ. ಅಜ್ಜಿ ಬಚ್ಚಲಿಗೆಂದು ಏಳುತ್ತಾರೆ, ಕಣ್ಣು ಕತ್ತಲೆ ಬರುತ್ತದೆ, ಕೈ ಗೋಡೆಗಾಗಿ ತಡಕಾಡುತ್ತದೆ. ನಾವು ಎದ್ದು ನಿಂತಾಗ ರಕ್ತ ಕಾಲಿಗಿಳಿಯುತ್ತದೆ. ಕತ್ತಿನ ನಾಳದಲ್ಲಿರುವ ಒತ್ತಡದ ಕಾವಲುಗಾರರು ಅದನ್ನು ಗ್ರಹಿಸಿ ಕ್ಷಣಾರ್ಧದಲ್ಲಿ ಹೃದಯವನ್ನು ಚುರುಕುಗೊಳಿಸುತ್ತಾರೆ, ನಾಳಗಳನ್ನು ಬಿಗಿಗೊಳಿಸುತ್ತಾರೆ. ಮುಪ್ಪಿನಲ್ಲಿ ಈ ಕಾವಲು ಮಂದವಾಗುತ್ತದೆ, ಅದರ ಮೇಲೆ ಮೂರು ಬಗೆಯ ಮಾತ್ರೆಯ ಭಾರ. ಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆಯೇ ಗತಿ.

ಮೂತ್ರಪಿಂಡದ ಕಥೆ ಇನ್ನೂ ಮೋಸದ್ದು. ಅದರ ಶೋಧಿಸುವ ಶಕ್ತಿ ವರ್ಷ ವರ್ಷ ಕುಗ್ಗುತ್ತದೆ, ಆದರೆ ಸ್ನಾಯುವೂ ಕರಗಿರುವುದರಿಂದ, ಸ್ನಾಯುವಿನಿಂದ ರಕ್ತಕ್ಕೆ ಬರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಅಂಕಿ ಸರಿಯಾಗಿಯೇ ಕಾಣುತ್ತದೆ. ವರದಿ ನೋಡಿ ಎಲ್ಲರೂ ನಿರಾಳ. ಔಷಧ ಮಾತ್ರ ಒಳಗೇ ಉಳಿಯುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ, ಬಾಯಾರಿಕೆಯೇ ಸರಿಯಾಗಿ ತಿಳಿಯದ ವಯಸ್ಸಿನಲ್ಲಿ, ನೀರು ಹೊರಹಾಕುವ ಮಾತ್ರೆ ನುಂಗುವವರನ್ನು ನೆನೆದರೆ ನನಗೆ ಭಯವಾಗುತ್ತದೆ.

ಸ್ಪ್ರಿಂಟ್‌ನ ಹೆಸರು ಹೇಳುವವರು ಅದು ಯಾರನ್ನು ಹೊರಗಿಟ್ಟಿತ್ತು ಎಂಬುದನ್ನೂ ಹೇಳಬೇಕು: ಸಕ್ಕರೆ ಕಾಯಿಲೆಯವರು, ಹಿಂದೆ ಲಕ್ವ ಹೊಡೆದವರು, ವೃದ್ಧಾಶ್ರಮದಲ್ಲಿರುವವರು. ನಿಂತಾಗ ಮೇಲಿನ ಅಂಕಿ 110ಕ್ಕಿಂತ ಕೆಳಗಿಳಿಯುವವರಿಗೂ ಅಲ್ಲಿ ಪ್ರವೇಶವಿರಲಿಲ್ಲ. ನಮ್ಮ ಮನೆಯ ಎಷ್ಟು ಹಿರಿಯರು ಅದರೊಳಗೆ ಉಳಿಯುತ್ತಿದ್ದರು? ಫ್ರಾನ್ಸ್, ಇಟಲಿಯ ವೃದ್ಧಾಶ್ರಮಗಳ 80 ದಾಟಿದವರನ್ನು ಗಮನಿಸಿದ 2015ರ ವರದಿಯಲ್ಲಿ, ಎರಡು ಅಥವಾ ಹೆಚ್ಚು ಬಿಪಿ ಔಷಧ ಪಡೆಯುತ್ತಿದ್ದು ಮೇಲಿನ ಅಂಕಿ 130ಕ್ಕಿಂತ ಕೆಳಗಿದ್ದವರಲ್ಲಿ ಸಾವು ಉಳಿದವರಿಗಿಂತ ಹೆಚ್ಚಿತ್ತು. ಮಾತ್ರೆಯೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ, ಆದರೆ ಕೈ ತಡೆದು ಯೋಚಿಸಲು ಅಷ್ಟು ಸಾಕು.

ಮಾತ್ರೆಯನ್ನೇ ಬಿಡಿ ಎನ್ನುತ್ತಿಲ್ಲ. ಕೂರಿಸಿ ಅಳೆದ ಮೇಲೆ ಎಬ್ಬಿಸಿ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಕುಳಿತಾಗ 128 ಇದ್ದದ್ದು ನಿಂತಾಗ 100 ಆದರೆ, ಚೀಟಿಯಲ್ಲಿ ಬರೆಯಬೇಕಾದದ್ದು ಆ ಎರಡನೆಯ ಅಂಕಿ.